ನೀವು, ನಿಮಗೆ

ಅಂಗಳದಲ್ಲಿ ಅಡಿಕೆ ಹರಡಿದ್ದ ಒಂದು ಮಧ್ಯಾಹ್ನ ತಂಗಿಯ ಮಗಳು ನಾಲ್ಕು ಹಾಳೆ ಹಿಡಿದುಕೊಂಡು ಆಲೆಟ್ಟಿಗೆ ಬಂದಳು. ಮನಶ್ಶಾಸ್ತ್ರ ಓದುವ ಹುಡುಗಿ. "ಮಾವ, ಇದರ ಕನ್ನಡ ಸರಿ ಉಂಟಾ ಒಮ್ಮೆ ನೋಡಿ" ಅಂದಳು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಿಗೆ ಇದೇನು ದೊಡ್ಡ ಕೆಲಸ ಎಂದು ಕನ್ನಡಕ ಹಾಕಿಕೊಂಡೆ.

ದೊಡ್ಡವರಲ್ಲಿ ಗಮನದ ಕೊರತೆ, ಅಂದರೆ ಎಡಿಎಚ್‌ಡಿ, ಇರಬಹುದೇ ಎಂದು ಜರಡಿ ಹಿಡಿಯುವ ಪ್ರಶ್ನಾವಳಿ ಅದು. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಹಾರ್ವರ್ಡಿನ ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು ಮಾಡಿದ್ದು, 2005ರಲ್ಲಿ ಪ್ರಕಟವಾದದ್ದು. ಒಟ್ಟು 18 ಪ್ರಶ್ನೆ. ಜರಡಿಗೆ ಮೊದಲ ಆರು ಸಾಕು. ಕಳೆದ ಆರು ತಿಂಗಳಲ್ಲಿ ಹೀಗೆ ಎಷ್ಟು ಸಲ ಆಗಿದೆ ಎಂದು ಕೇಳುತ್ತದೆ. 'ಎಂದೂ ಇಲ್ಲ'ದಿಂದ 'ತುಂಬಾ ಸಲ'ದವರೆಗೆ ಐದು ಮನೆ, ಒಂದರಲ್ಲಿ ಗುರುತು ಹಾಕಬೇಕು.

ಅವಳು ಅಭ್ಯಾಸಕ್ಕೆಂದು ತಾನೇ ಅನುವಾದಿಸಿದ್ದಳು. ಇಂಥದ್ದಕ್ಕೆ ಒಂದು ಕ್ರಮ ಉಂಟಂತೆ. ಒಬ್ಬರು ಕನ್ನಡಕ್ಕೆ ತರಬೇಕು, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಬೇಕು, ಎರಡನ್ನೂ ತಾಳೆ ನೋಡಬೇಕು, ಆಮೇಲೆ ಜನರ ಮುಂದೆ ಇಟ್ಟು ಅವರಿಗೆ ಏನು ಅರ್ಥವಾಯಿತು ಎಂದು ಕೇಳಬೇಕು. ಟರ್ಕಿಯವರು ಇದೇ ಪ್ರಶ್ನಾವಳಿಯನ್ನು ತಮ್ಮ ಭಾಷೆಗೆ ಒಗ್ಗಿಸಿ 2009ರಲ್ಲಿ ಪ್ರಕಟಿಸಿದರು. ಅವರದ್ದೂ ನಮ್ಮ ಹಾಗೆ ಪ್ರತ್ಯಯ ಅಂಟಿಸಿಕೊಂಡು ಹೋಗಿ ಕ್ರಿಯಾಪದವನ್ನು ಕೊನೆಗಿಡುವ ಭಾಷೆ. ಆದರೆ ಅವರು ಪರೀಕ್ಷಿಸಿ ನೋಡಿದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ. ವಿದ್ಯಾರ್ಥಿಗೆ ತರಗತಿ, ಪರೀಕ್ಷೆ, ಗಡುವು ಎಲ್ಲ ಇರುತ್ತವೆ. ಸುಳ್ಯದಿಂದ ಕೇರಳದ ಗಡಿ ಕಡೆಗೆ ಹೋಗುವ ದಾರಿಯ ಈ ಊರಲ್ಲಿ, ಮನೆಯೊಳಗೆ ಅರೆಭಾಷೆ, ತೋಟದಲ್ಲಿ ತುಳು, ಪಂಚಾಯತಿನಲ್ಲಿ ಕನ್ನಡ ಆಡುವವನಿಗೆ?

"ಯಾರಿಗಾದರೂ ಓದಿ ಹೇಳುವ" ಅಂದೆ. ಅಷ್ಟರಲ್ಲಿ ಪಕ್ಕದ ತೋಟದವನು ಬಂದ, ನನ್ನ ಹಳೆಯ ವಿದ್ಯಾರ್ಥಿ. ಅಂಗಳದ ಬದಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹುಡುಗಿ ಮೊದಲನೆಯದನ್ನು ಓದಿದಳು. ಕಷ್ಟದ ಭಾಗ ಮುಗಿದ ಮೇಲೆ ಯೋಜನೆಯ ಕೊನೆಯ ಹಂತವನ್ನು ಪೂರ್ಣಗೊಳಿಸಲು ತೊಂದರೆಯಾಗುತ್ತದೆಯೇ ಎಂಬ ಅರ್ಥದ ಪ್ರಶ್ನೆ.

"ಇಲ್ಲಪ್ಪ, ಯೋಜನೆಯದ್ದು ನಾನು ಮೊನ್ನೆಯೇ ಪೂರಾ ಕಟ್ಟಿದ್ದೇನೆ" ಅಂದ ಅವನು.

ನಮ್ಮಲ್ಲಿ 'ಯೋಜನೆ' ಅಂದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ವಾರದ ಮೀಟಿಂಗು, ಸಾಲದ ಕಂತು. ಹುಡುಗಿ ಪೆನ್ನು ತೆಗೆದು 'ಹಿಡಿದ ಕೆಲಸ' ಎಂದು ತಿದ್ದಿದಳು.

ಆರನೆಯ ಪ್ರಶ್ನೆ, ಒಳಗೆ ಮೋಟರು ಇಟ್ಟ ಹಾಗೆ ಸುಮ್ಮನಿರಲಾರದೆ ಓಡಾಡುತ್ತಿರುವುದರ ಬಗ್ಗೆ. ಇದು ಬದುಕಿಕೊಂಡೀತು ಎಂದುಕೊಂಡಿದ್ದೆ. ಆದರೆ ನಮಗೆ ಮೋಟರು ಅಂದರೆ ತೋಡಿನ ಬದಿಯ ಪಂಪು. ಕರೆಂಟು ಬಂದರೆ ಓಡುತ್ತದೆ, ಹೋದರೆ ನಿಲ್ಲುತ್ತದೆ. ಆಫ್ ಮಾಡುವ ಸ್ವಿಚ್ಚೂ ನಮ್ಮ ಕೈಯಲ್ಲೇ ಇದೆ. ಪ್ರಶ್ನೆ ಹೇಳುವ ಮೋಟರಿಗೆ ಸ್ವಿಚ್ಚೇ ಇಲ್ಲ. ಈ ಪದಕ್ಕೆ ನಾನು ಇನ್ನೂ ಬದಲಿ ಹುಡುಕುತ್ತಿದ್ದೇನೆ.

ಪದಗಳ ಬದಲಾವಣೆ ಹೊಸತೇನಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಅಕ್ಷರ ಬಾರದ ಹಿರಿಯರ ನೆನಪಿನ ಶಕ್ತಿಯನ್ನು ಅಳೆಯಲು ಹೋದ ಮೇರಿ ಗಂಗೂಲಿ ಮತ್ತು ತಂಡ 1995ರ ಹೊತ್ತಿಗೆ ಇಂಗ್ಲಿಷಿನ ಪರೀಕ್ಷೆಯನ್ನೇ ಹಿಂದಿಯಲ್ಲಿ ಮರಳಿ ಕಟ್ಟಿದ್ದರು. ಬರೆಯಲು ಬಾರದವರಿಗೆ 'ಒಂದು ವಾಕ್ಯ ಬರೆಯಿರಿ' ಎಂದು ಹೇಳಿ ಏನು ಅಳೆದ ಹಾಗಾಯಿತು?

ನನ್ನನ್ನು ಕಾಡಿದ್ದು ಪದಗಳಲ್ಲ, ಒಂದು ವಿಭಕ್ತಿ. ಮೂರನೆಯ ಪ್ರಶ್ನೆಯನ್ನು ಹುಡುಗಿ "ನೀವು ಮಾಡಬೇಕಾದ ಕೆಲಸಗಳನ್ನು ಎಷ್ಟು ಸಲ ಮರೆಯುತ್ತೀರಿ?" ಎಂದು ಬರೆದಿದ್ದಳು. ವ್ಯಾಕರಣದಲ್ಲಿ ಒಂದಿಷ್ಟೂ ತಪ್ಪಿಲ್ಲ. ಪಕ್ಕದ ತೋಟದವನು ಬೆನ್ನು ನೆಟ್ಟಗೆ ಮಾಡಿ "ಛೆ, ಹಾಗೆಲ್ಲ ಇಲ್ಲ" ಅಂದ. ಕಳೆದ ಮಳೆಗಾಲದಲ್ಲಿ ಮೈಲುತುತ್ತು, ಸುಣ್ಣ ಎರಡನ್ನೂ ತಂದಿಟ್ಟು, ಮದ್ದು ಬಿಡುವವನಿಗೆ ಹೇಳಲು ಮರೆತು, ಮಹಾಳಿ ರೋಗಕ್ಕೆ ಅರ್ಧ ಫಸಲನ್ನು ಉದುರಿಸಿಕೊಂಡವನು ಅವನೇ. ಸುಳ್ಳು ಹೇಳಿದ್ದಲ್ಲ. ಆಪಾದನೆಗೆ ಉತ್ತರ ಕೊಟ್ಟದ್ದು.

ನಾವು ಮಾತಾಡುವಾಗ 'ನಾನು ಮರೆತೆ' ಅನ್ನುವುದು ಕಡಿಮೆ. 'ನನಗೆ ಮರೆತುಹೋಯಿತು' ಅನ್ನುತ್ತೇವೆ. ತುಳುವಿನಲ್ಲೂ 'ಎಂಕ್ ಮದತ್ ಪೋಂಡು'. ಹಸಿವು ಆಗುವುದು, ನಿದ್ದೆ ಬರುವುದು, ಜ್ವರ ಬರುವುದು ಎಲ್ಲ ನನಗೆ. ಮಾಡಿದ್ದಕ್ಕೆ ಪ್ರಥಮಾ, ಮೇಲೆ ಬಂದು ಬಿದ್ದದ್ದಕ್ಕೆ ಚತುರ್ಥಿ. ಈ ಪಾಠವನ್ನು ಎಷ್ಟು ಸಲ ಮಾಡಿದ್ದೆನೋ, ಅದರಲ್ಲಿ ತಪ್ಪಿಗೂ ಕಾಯಿಲೆಗೂ ನಡುವಿನ ಗಡಿ ಇದೆ ಎಂದು ಹೊಳೆದದ್ದು ಆ ಮಧ್ಯಾಹ್ನ.

"'ನಿಮಗೆ' ಅಂತ ಹಾಕು" ಅಂದೆ. "ನಿಮಗೆ ಎಷ್ಟು ಸಲ ಮರೆತುಹೋಗ್ತದೆ?"

ಹುಡುಗಿ ಹಾಗೇ ಓದಿದಳು. ಅವನು ಎಲೆ ಮಡಚುವುದನ್ನು ನಿಲ್ಲಿಸಿದ. "ಅದು ಉಂಟು" ಅಂದ. ಸ್ವಲ್ಪ ತಡೆದು, "ತುಂಬಾ ಉಂಟು. ಅವಳು ನೆನಪು ಮಾಡುವುದಕ್ಕೆ ಹೇಗೋ ನಡೀತದೆ." ಪ್ರಶ್ನಾವಳಿಯಲ್ಲಿ ಹೆಂಡತಿಗೆ ಮನೆ ಇಲ್ಲ. ಅವನ ಕಂತು, ಮದುವೆ ಹೇಳಿಕೆ, ಮಾತ್ರೆಯ ಹೊತ್ತು ಎಲ್ಲ ಅವಳ ತಲೆಯಲ್ಲಿರುವಾಗ ಅವನು 'ಅಪರೂಪಕ್ಕೆ' ಎಂದು ಗುರುತು ಹಾಕಿದರೂ ಅದು ನಿಜವೇ.

ಹುಡುಗಿಗೆ ಇದು ಒಪ್ಪಿಗೆಯಾಗಲಿಲ್ಲ. 'ನಿಮಗೆ' ಅಂದರೆ ಹೌದು ಅನ್ನುವುದು ಸುಲಭವಾಗುತ್ತದೆ, ಇಲ್ಲದವನೂ ಹೌದು ಅಂದುಬಿಟ್ಟರೆ ಜರಡಿಯ ಕಣ್ಣು ದೊಡ್ಡದಾಗುವುದಿಲ್ಲವೇ ಎಂದು ಕೇಳಿದಳು. ಅವಳ ಮಾತಲ್ಲಿ ಹುರುಳಿದೆ. ಇಂಗ್ಲಿಷಿನಲ್ಲಿ ಗೊತ್ತುಮಾಡಿದ ಲೆಕ್ಕ, ಅಂದರೆ ಆರರಲ್ಲಿ ನಾಲ್ಕಕ್ಕಾದರೂ 'ಹೌದು' ಎನ್ನುವ ಕಡೆ ಗುರುತು ಬೀಳಬೇಕೆಂಬುದು, ವಿಭಕ್ತಿ ಬದಲಾದ ಮೇಲೂ ನಿಲ್ಲುತ್ತದೆಯೇ ಎಂಬುದನ್ನು ಮತ್ತೆ ಜನರ ನಡುವೆ ಅಳೆದೇ ನೋಡಬೇಕು. ನಿದ್ದೆಗೆಟ್ಟವನಿಗೂ ಗಮನ ನಿಲ್ಲುವುದಿಲ್ಲ. ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಳ್ಳುತ್ತಿರುವವನಿಗೂ ನಿಲ್ಲುವುದಿಲ್ಲ.

ನಾಲ್ಕನೆಯದು, ತಲೆ ಓಡಿಸಬೇಕಾದ ಕೆಲಸವನ್ನು ಶುರುಮಾಡದೆ ಮುಂದೂಡುವುದರ ಪ್ರಶ್ನೆ. ಪೂರ್ತಿ ಓದುವ ಮೊದಲೇ ಅವನು "ಉದಾಸೀನ" ಅಂದ. ಘಟ್ಟದ ಮೇಲಿನವರಿಗೆ ಉದಾಸೀನ ಅಂದರೆ ಅಸಡ್ಡೆ. ನಮಗೆ ಸೋಮಾರಿತನ. ನಾವೂ 'ನನಗೆ ಉದಾಸೀನ ಆಗ್ತದೆ' ಎಂದು ಚತುರ್ಥಿಯಲ್ಲೇ ಹೇಳುತ್ತೇವೆ. ಬೇರೆಯವರ ಬಗ್ಗೆ ಹೇಳುವಾಗ ಮಾತ್ರ 'ಅವನೊಬ್ಬ ಉದಾಸೀನದವನು' ಆಗಿಬಿಡುತ್ತದೆ.

"ಇದು ಸಣ್ಣದರಲ್ಲೇ ಇತ್ತಾ?" ಎಂದು ಹುಡುಗಿ ಕೇಳಿದಳು. ಹಾಳೆಯಲ್ಲಿಲ್ಲದ ಪ್ರಶ್ನೆ. ಆದರೆ ವೈದ್ಯರು ಇದನ್ನು ಕೇಳಲೇಬೇಕು. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯ ಪ್ರಕಾರ 12 ವರ್ಷಕ್ಕೆ ಮೊದಲೇ ಕೆಲವು ಲಕ್ಷಣಗಳು ಕಂಡಿರಬೇಕು.

ಅವನು ನನ್ನ ಕಡೆ ನೋಡಿ ನಕ್ಕ. "ಮಾಷ್ಟ್ರಿಗೆ ಗೊತ್ತುಂಟಲ್ಲ. ಪ್ರೋಗ್ರೆಸ್ ಕಾರ್ಡಿನಲ್ಲಿ ಅವರೇ ಬರೀತಿದ್ದರು."

ಬರೆಯುತ್ತಿದ್ದೆ. 'ಬುದ್ಧಿವಂತ. ಉದಾಸೀನ ಬಿಡಬೇಕು.' ಅವನೊಬ್ಬನಿಗೆ ಮಾತ್ರವೂ ಅಲ್ಲ.

ಹುಡುಗಿ ಸಂಜೆಯ ಬಸ್ಸಿಗೆ ಹೋದಳು. ಹೋಗುವ ಮೊದಲು ಅವನಿಗೆ ಒಂದು ಮಾತು ಹೇಳಿದಳು, ಓದುವವರಿಗೂ ಹೇಳುತ್ತೇನೆ: ಹಾಳೆಯಲ್ಲಿ ಹಾಗೆ ನಾಲ್ಕು ಗುರುತು ಬಿದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲ, ಒಮ್ಮೆ ಮನೋವೈದ್ಯರಿಗೆ ತೋರಿಸಿ. ಎಲ್ಲಿ ಶುರುಮಾಡುವುದೆಂದು ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ ಉಂಟು, ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.