ಅಟ್ಟದ ಮೇಲಿನ ಉಳಿಗಳು



ಸಂತೆಗೆ ಹೋದರೆ ನಮ್ಮಲ್ಲಿ ಕೆಲವರಿಗೆ ಹತಾರದ ಅಂಗಡಿ ದಾಟಿ ಬರಲಾಗದು. ಮನೆಯಲ್ಲಿ ನಾಲ್ಕು ಉಳಿ, ಮೂರು ಸುತ್ತಿಗೆ; ಆದರೂ ಇನ್ನೊಂದು. ಎಂದಾದರೂ ಬೇಕಾದೀತು ಎನ್ನುತ್ತೇವೆ. ಇಸ್ರಯೇಲರು ನಾಳೆಗೆಂದು ಉಳಿಸಿಕೊಂಡ ಮನ್ನಕ್ಕೆ ಹುಳು ಬಿತ್ತು (ವಿಮೋಚನಾಕಾಂಡ 16). ನಮ್ಮ ಉಳಿಗೆ ಹುಳು ಬೀಳದು, ತುಕ್ಕು ಹಿಡಿಯುತ್ತದೆ. ಯೇಸುಸ್ವಾಮಿ ಅದನ್ನೂ ಎಚ್ಚರಿಸಿದ್ದಾರೆ (ಮತ್ತಾಯ 6:19).

ಮೊನ್ನೆ ಮರಗೆಲಸ ಕಲಿತ ಹುಡುಗನೊಬ್ಬ ಉಳಿ ಕೇಳಿ ಬಂದಾಗ, “ಹುಡುಕಬೇಕಪ್ಪಾ” ಎಂದು ಸಾಗಹಾಕಿದೆವು. ಅವನ ಅಂದಿನ ಕೂಲಿ ಹೋಯಿತು. ಉಳಿ ಅಟ್ಟದ ಮೇಲೇ ಇತ್ತು, ನಮಗೆ ಗೊತ್ತಿತ್ತು.

ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್ ಸ್ಥಾಪಿಸಿದ್ದು. ಅಂದು ಕಾಣಿಕೆಯ ಹೊತ್ತಿಗೆ ಹೆಚ್ಚಿನ ಹತಾರಗಳನ್ನು, ತುಕ್ಕು ಉಜ್ಜಿ, ಪೀಠದ ಬಳಿಗೆ ತರೋಣ. ಆ ಹುಡುಗ ತಮಿಳು ಪೂಜೆಗೆ ಬರುವವನು. ಅವನನ್ನು ನಾವೇ ಹೋಗಿ ಕರೆಯೋಣ.