ಇಂದಿನ ಧಮ್ಮ ಚಿಂತನೆ: ಹಳೆಯ ಲೆನ್ಸು, ಹಳೆಯ ಕಾಲ



ಒಂದು ವಸ್ತು ಹಳೆಯದು ಎಂದ ಮಾತ್ರಕ್ಕೆ ಒಳ್ಳೆಯದೇ? ಈ ಪ್ರಶ್ನೆಯನ್ನು ಇಂದು ಒಂದು ಕ್ಯಾಮೆರಾ ಲೆನ್ಸಿನ ಮೂಲಕ ಯೋಚಿಸೋಣ.

ನಿಕಾನ್ ಕಂಪನಿ 1970ರ ದಶಕದಲ್ಲಿ ಮಾರುತ್ತಿದ್ದ 80-200 ಎಂ.ಎಂ. ಜೂಮ್ ಲೆನ್ಸ್ ಅದು. ಅದಕ್ಕೆ ಮೋಟಾರಿಲ್ಲ, ಎಲ್ಲವನ್ನೂ ಕೈಯಿಂದಲೇ ಮಾಡಬೇಕು. ಮೈಮೇಲೆ ಒಂದೇ ಅಗಲವಾದ ಬಳೆ. ತಿರುಗಿಸಿದರೆ ಫೋಕಸ್, ಹಿಂದೆ ಮುಂದೆ ಜಾರಿಸಿದರೆ ಜೂಮ್. ಮೊಬೈಲೇ ಎಲ್ಲವನ್ನೂ ಮಾಡಿಕೊಡುವ ಈ ಕಾಲದಲ್ಲೂ ಇದನ್ನು ಹುಡುಕಿ ಕೊಳ್ಳುವವರಿದ್ದಾರೆ. ಅಡಾಪ್ಟರ್ ಜೋಡಿಸಿ ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ಬಳಸುತ್ತಾರೆ.

ಇದರ ಸೆಳೆತಕ್ಕೆ ಒಂದು ನಿಜವಾದ ಕಾರಣವಿದೆ. ಇದನ್ನು ಬಳಸುವವರು ಮೊದಲು 200ಕ್ಕೆ ಜೂಮ್ ಮಾಡಿ, ಎದುರಿನವರ ಕಣ್ಣು ಸ್ಪಷ್ಟವಾಗುವವರೆಗೆ ಬಳೆ ತಿರುಗಿಸುತ್ತಾರೆ. ಆಮೇಲೆ ಜೂಮ್ ತಗ್ಗಿಸಿ ಚಿತ್ರದ ಚೌಕಟ್ಟು ಕೂರಿಸುತ್ತಾರೆ. ಯಾವುದು ಮುಖ್ಯ ಎಂದು ಯಂತ್ರ ತೀರ್ಮಾನಿಸುವುದಿಲ್ಲ, ನೋಡುವವರೇ ತೀರ್ಮಾನಿಸಬೇಕು. ಮನಸ್ಸನ್ನು ಅಲ್ಲೇ ನಿಲ್ಲಿಸಬೇಕು. ಸಮ್ಮಾ ಸತಿಯ ಒಂದು ಸಣ್ಣ ಅಭ್ಯಾಸ ಇದು ಎನ್ನಬಹುದು.

ಆದರೆ ಇಂಥ ವಸ್ತುಗಳ ಜೊತೆ ಇನ್ನೊಂದು ಮಾತೂ ಬರುತ್ತದೆ: "ಆ ಕಾಲವೇ ಕಾಲ." ಬಂಧುಗಳೇ, ಇಲ್ಲಿ ನಾವು ಎಚ್ಚರವಾಗಿರಬೇಕು. ಯಾರಿಗೆ ಆ ಕಾಲ? ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನರ ಒಂದೇ ಒಂದು ಫೋಟೋ ಕೂಡ ಇಲ್ಲ. ಅವರ ಮುಖ ಹೇಗಿತ್ತೆಂದು ಮೊಮ್ಮಕ್ಕಳಿಗೆ ಬಾಯಿಮಾತಲ್ಲೇ ಹೇಳಬೇಕು. ಲೆನ್ಸು ಚೆನ್ನಾಗಿತ್ತು. ಅದು ಅವರ ಕಡೆ ತಿರುಗಲಿಲ್ಲ.

ಹಳೆಯದೆಲ್ಲ ಚೆನ್ನಾಗಿತ್ತು ಎಂಬುದು ಲೆನ್ಸಿನ ವಿಷಯದಲ್ಲೂ ಸುಳ್ಳೇ. ಅದೇ ಕಂಪನಿ 1963ರಲ್ಲಿ 43-86 ಎಂಬ ಜೂಮ್ ತಂದಿತ್ತು. ಅದರಲ್ಲಿ ನೇರ ಗೋಡೆಯೂ ಬಾಗಿದಂತೆ ಕಾಣುತ್ತದೆ ಎಂದು ದೂರುಗಳಿದ್ದವು. ಮುಂದೆ ಕಂಪನಿಯೇ ಗಾಜುಗಳ ಜೋಡಣೆಯನ್ನು ಬದಲಿಸಿತು.

ಹಾಗಾಗಿ ತಿಳಿದವರು ವಯಸ್ಸು ನೋಡಿ ಹಳೆಯ ಲೆನ್ಸ್ ಕೊಳ್ಳುವುದಿಲ್ಲ. ಒಳಗೆ ಟಾರ್ಚ್ ಬಿಡುತ್ತಾರೆ. ಫಂಗಸ್ ಹಿಡಿದಿದೆಯೇ? ಬ್ಲೇಡುಗಳಿಗೆ ಎಣ್ಣೆ ಹತ್ತಿದೆಯೇ? ಬಳೆ ತಾನಾಗಿಯೇ ಜಾರುತ್ತದೆಯೇ? ಇಷ್ಟು ನೋಡಿದ ಮೇಲೇ ದುಡ್ಡು.

ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ್ದೂ ಇಂಥದೇ ಪರೀಕ್ಷೆ. ಪರಂಪರೆಯಿಂದ ಬಂದಿದೆ ಎಂದಾಗಲಿ, ಗ್ರಂಥದಲ್ಲಿದೆ ಎಂದಾಗಲಿ, ಗುರು ಹೇಳಿದರು ಎಂದಾಗಲಿ ಒಪ್ಪಬೇಡಿ. ಅದರಿಂದ ಕೇಡೋ ಒಳಿತೋ ಎಂದು ನೀವೇ ತಿಳಿದು ಒಪ್ಪಿ ಅಥವಾ ಬಿಡಿ ಎಂದರು.

ಬಾಬಾಸಾಹೇಬರು ಈ ಮಾತನ್ನು ಬದುಕಿ ತೋರಿಸಿದರು. 1935ರಲ್ಲಿ ಯೇವಲಾದಲ್ಲಿ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದರು. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಅವರು ಸ್ವೀಕರಿಸಿದ ಧಮ್ಮವೂ ಎರಡೂವರೆ ಸಾವಿರ ವರ್ಷ ಹಳೆಯದೇ. ಆದರೆ ಒಳಗೆ ಬೆಳಕು ಬಿಟ್ಟು ನೋಡಿಯೇ ಸ್ವೀಕರಿಸಿದರು. ಮುದುಕ, ರೋಗಿ, ಶವಗಳನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕತೆಯನ್ನು ಅವರು ಒಪ್ಪಲಿಲ್ಲ. 29 ವರ್ಷದವರೆಗೆ ಇವು ಅವನ ಕಣ್ಣಿಗೆ ಬಿದ್ದಿರಲಿಲ್ಲವೇ ಎಂದು ಕೇಳಿದರು. ಶಾಕ್ಯ ಕೋಲಿಯರ ನೀರಿನ ಜಗಳದಲ್ಲಿ ಯುದ್ಧವನ್ನು ವಿರೋಧಿಸಿ ಹೊರಟ ಎಂದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬರೆದರು.

ನಮ್ಮ ಮನೆಗಳಿಗೆ ಬರೋಣ. ಮದುವೆಯಲ್ಲಿ ಬುದ್ಧವಂದನೆ ಮಾಡುತ್ತೇವೆ. ಮುಹೂರ್ತವನ್ನೂ ಗುಟ್ಟಾಗಿ ಕೇಳಿಕೊಂಡು ಬರುತ್ತೇವೆ. ಯಾಕೆಂದರೆ "ಹಿರಿಯರು ಮಾಡಿಕೊಂಡು ಬಂದದ್ದು" ಎನ್ನುತ್ತೇವೆ. ಹಿರಿಯರ ಮೇಲಿನ ಪ್ರೀತಿ ದೊಡ್ಡದು. ಆದರೆ ಅದು ಟಾರ್ಚ್ ಆರಿಸಲು ಕಾರಣವಾಗಬಾರದು. ಅದೇ ಹಿರಿಯರ ಹಾಡು, ಕೈಕಸುಬು, ಇದ್ದುದನ್ನು ಹಂಚಿ ತಿನ್ನುವ ಗುಣ ಇವೂ ಹಳೆಯವೇ. ಬೆಳಕಿಗೆ ಹಿಡಿದರೆ ಇವು ಇನ್ನೂ ಸ್ವಚ್ಛವಾಗಿವೆ. ಹೊಸತಿನ ಭ್ರಮೆಯಲ್ಲಿ ಇವನ್ನು ಬಿಡುವುದೂ ಅವಿವೇಕವೇ.

ಇನ್ನೊಂದು ಮಾತು. ಲೆನ್ಸಿಗೆ ಫಂಗಸ್ ಹಿಡಿಯುವುದು ಹೆಚ್ಚಾಗಿ ತೇವದ, ಕತ್ತಲೆಯ ಬೀರುವಿನಲ್ಲಿ ಮುಚ್ಚಿಟ್ಟಾಗ. ಧಮ್ಮವನ್ನೂ ಫೋಟೋಗೆ ಹಾರ ಹಾಕಿ ಮುಚ್ಚಿಟ್ಟರೆ ಅದೇ ಗತಿ. ದಿನವೂ ಬಳಸೋಣ.

*ಇಂದು ಮಾಡಬೇಕಾದದ್ದು:* ನಿಮ್ಮ ಮನೆಯ ಒಂದು ಹಳೆಯ ಆಚರಣೆಯನ್ನು ಆರಿಸಿಕೊಳ್ಳಿ. ಇದರಿಂದ ಯಾರಿಗೆ ಒಳಿತಾಗಿದೆ, ಯಾರಿಗೆ ನೋವಾಗಿದೆ ಎಂದು ಮನೆಯವರೆಲ್ಲ ಕೂತು ಮಾತಾಡಿ. ಮಕ್ಕಳನ್ನೂ ಕೂರಿಸಿಕೊಳ್ಳಿ.

ಜೈ ಭೀಮ್. ನಮೋ ಬುದ್ಧಾಯ.