ಭಾನುವಾರದ ಸಂದೇಶ: ಗೂಡಿನ ಮೇಲೆ ಕುಳಿತ ತಾಯಿ

ವೇದಭಾಗ: ಧರ್ಮೋಪದೇಶಕಾಂಡ 22:6-7, ಲೂಕ 12:6-7

ಎಲ್ಲರೂ ಕೂತುಕೊಳ್ಳಿ.

ಈ ವಾರಕ್ಕೆ ಬೇರೆ ಸಂದೇಶ ತಯಾರು ಮಾಡಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಗುರುವಾರದಿಂದ ಕರ್ತನು ನನ್ನ ಹತ್ತಿರ ಒಂದೇ ವಿಷಯ ಮಾತಾಡುತ್ತಿದ್ದಾನೆ. ಅದನ್ನು ಹೇಳೋಕ್ಕೆ ಮುಂಚೆ ಸಭೆಯ ಮುಂದೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಒಳಗೆ ಬರುವಾಗ ನೋಡಿರುತ್ತೀರಿ, ಗೇಟಿನ ಪಕ್ಕದ ಮಳೆಮರದಲ್ಲಿ ಒಂದು ದೊಡ್ಡ ಕೊಂಬೆ ಇಲ್ಲ. ಕಡಿಸಿದ್ದು ನಾನು. ಮಳೆ ಶುರುವಾದ ಮೇಲೆ ಬೆಳ್ಳಕ್ಕಿಗಳು ಬಂದು ಗೂಡು ಕಟ್ಟಿವೆ, ನಿಮಗೆ ಗೊತ್ತು. ಬೈಕಿನ ಸೀಟಿನ ಮೇಲೆ ಹಿಕ್ಕೆ, ಅಮ್ಮಂದಿರ ಬಿಳಿ ಸೀರೆ ಮೇಲೆ ಹಿಕ್ಕೆ, ಮೀನಿನ ವಾಸನೆ. ಕನ್ವೆನ್ಷನ್ ಹತ್ತಿರ ಬರ್ತಾ ಇದೆ, ಹೊರಗಿನಿಂದ ದೇವಸೇವಕರು ಬರ್ತಾರೆ, ಮರ ತೆಗೆಸಿಬಿಡೋಣ ಪಾಸ್ಟ್ರೇ ಅಂತ ಕಮಿಟಿಯವರು ಹೇಳಿದರು. ನಾನೂ ಹೂಂ ಅಂದೆ. ಅನುಮತಿ ಕೇಳಲಿಲ್ಲ. ಅದಕ್ಕಿಂತ ದೊಡ್ಡದು, ಪ್ರಾರ್ಥನೆ ಕೂಡ ಮಾಡಲಿಲ್ಲ. ಮರ ಕಡಿಯೋರಿಗೆ ಎರಡು ಸಾವಿರ ಅಡ್ವಾನ್ಸ್ ಕೊಟ್ಟೆ.

ಗುರುವಾರ ಬೆಳಿಗ್ಗೆ ಮೊದಲ ಕೊಂಬೆ ಬಿತ್ತು. ಅದರ ಜೊತೆ ಐದು ಗೂಡು ಬಿದ್ದವು. ನಾನು ಇಲ್ಲೇ ಮೆಟ್ಟಿಲ ಮೇಲೆ ನಿಂತಿದ್ದೆ. ಮೊಟ್ಟೆ ಒಡೆದು ಸಿಮೆಂಟಿನ ಮೇಲೆ ಹರಿಯಿತು. ಇನ್ನೂ ಪುಕ್ಕ ಸರಿಯಾಗಿ ಬಾರದ ಮರಿಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ತಾಯಿಗಳು ದೂರ ಹೋಗಲಿಲ್ಲ. ಅಲ್ಲೇ ತಲೆಯ ಮೇಲೆ ಸುತ್ತುತ್ತಾ ಕಿರುಚುತ್ತಿದ್ದವು. ನಮ್ಮ ಸಭೆ ಗುಡಿಸುವ ಅಜ್ಜಿ ಬಂದು, ಸೆರಗು ಹಾಸಿ, ಬದುಕಿದ್ದ ಎರಡು ಮರಿಗಳನ್ನು ಎತ್ತಿಕೊಂಡರು. ನನ್ನ ಮುಖ ನೋಡಿ, "ಅಯ್ಯೋ, ಬಾಣಂತಿ ಮನೆ ಕೆಡವಿಸಿಬಿಟ್ರಲ್ಲ ಅಯ್ಯನೋರೇ" ಅಂದರು. ಅಷ್ಟೇ. ನಾನು ಕೆಲಸ ನಿಲ್ಲಿಸಿ, ಕೋಣೆಗೆ ಹೋಗಿ ಮೊಣಕಾಲೂರಿದೆ.

ಆಗ ಕರ್ತನು ನನ್ನನ್ನು ಧರ್ಮೋಪದೇಶಕಾಂಡ 22ಕ್ಕೆ ಕರೆದುಕೊಂಡು ಹೋದ. ತೆಗೆದು ನೋಡಿ. ದಾರಿಯಲ್ಲಿ ಹೋಗುವಾಗ ಮರದಲ್ಲೋ ನೆಲದಲ್ಲೋ ಹಕ್ಕಿಗೂಡು ಕಂಡರೆ, ತಾಯಿ ಮರಿಗಳ ಮೇಲೆ ಕುಳಿತಿದ್ದರೆ, ತಾಯಿಯನ್ನು ಹಿಡಿಯಬಾರದು, ಬಿಟ್ಟುಬಿಡಬೇಕು ಅಂತ ಇದೆ. ಮರಿಗಳನ್ನು ತೆಗೆದುಕೊಳ್ಳಬಹುದು ಅಂತಲೂ ಇದೆ, ಅದನ್ನು ನಾನು ಮುಚ್ಚಿಡೋದಿಲ್ಲ. ಹಸಿದವನಿಗೆ ದೇವರು ಆಹಾರ ಕೊಟ್ಟ, ಆದರೆ ಎಲ್ಲವನ್ನೂ ಬಾಚಿಕೊಂಡು ಹೋಗೋಕ್ಕೆ ಬಿಡಲಿಲ್ಲ. ತಾಯಿ ಉಳಿದರೆ ಮುಂದಿನ ವರ್ಷ ಗೂಡು ಇರುತ್ತದೆ. ಈಗ ಏಳನೇ ವಚನದ ಕೊನೆ ನೋಡಿ. ಹೀಗೆ ಮಾಡಿದವನಿಗೆ ಶುಭವಾಗುತ್ತದೆ, ಅವನು ಬಹುಕಾಲ ಬಾಳುತ್ತಾನೆ ಅನ್ನುವ ವಾಗ್ದಾನ. ಈ ವಾಗ್ದಾನವನ್ನು ಇನ್ನೆಲ್ಲಿ ಓದಿದ್ದೀರಿ? ಯಾರಾದರೂ ಹೇಳಿ. ಹೌದು, ಅದೇ ಪುಸ್ತಕದ 5:16, ತಂದೆತಾಯಿಯನ್ನು ಸನ್ಮಾನಿಸುವವರಿಗೆ ಕೊಟ್ಟ ಮಾತು. ಹಡೆದ ತಾಯಿಯ ವಿಷಯದಲ್ಲಿ ಇಟ್ಟ ಆಶೀರ್ವಾದವನ್ನೇ ದೇವರು ಒಂದು ಕಾಡುಹಕ್ಕಿಯ ವಿಷಯದಲ್ಲೂ ಇಟ್ಟಿದ್ದಾನೆ. ಇಪ್ಪತ್ತೆರಡು ವರ್ಷ ಸೇವೆ ಮಾಡಿದ್ದೇನೆ, ಈ ವಚನದ ಮೇಲೆ ಒಂದು ಸಲವೂ ಪ್ರಸಂಗ ಮಾಡಿಲ್ಲ. ಹಲ್ಲೆಲೂಯ.

ಶುಕ್ರವಾರ ಒಬ್ಬ ಸಹೋದರರು ಫೋನ್ ಮಾಡಿ, "ನೀವು ಅನೇಕ ಗುಬ್ಬಿಗಳಿಗಿಂತ ಹೆಚ್ಚಿನವರು ಅಂತ ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಪಾಸ್ಟ್ರೇ, ಹಕ್ಕಿಗೋಸ್ಕರ ಯಾಕೆ ಇಷ್ಟು ಸಂಕಟ?" ಅಂದರು. ಒಳ್ಳೇ ಪ್ರಶ್ನೆ. ಮತ್ತಾಯ 10ರಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕ 12ರಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ, ನಾಲ್ಕು ಬರಬೇಕು. ಐದನೆಯದು ಕೊಸರು! ಸಂತೇಲಿ ಸೊಪ್ಪಿನ ಜೊತೆ ಕರಿಬೇವು ಹಾಕ್ತಾರಲ್ಲ, ಹಾಗೆ. ಆ ಕೊಸರಿನ ಗುಬ್ಬಿಯನ್ನೂ ದೇವರು ಮರೆತಿಲ್ಲ ಅನ್ನೋದೇ ಯೇಸುವಿನ ಮಾತು. ಗುಬ್ಬಿಗೆ ಬೆಲೆಯೇ ಇಲ್ಲದಿದ್ದರೆ, ಗುಬ್ಬಿಗಿಂತ ನೀನು ಹೆಚ್ಚು ಅಂದಾಗ ನಿನಗೆ ಏನು ಸಮಾಧಾನ? ಸೊನ್ನೆಗಿಂತ ಹೆಚ್ಚು ಅಂದ ಹಾಗಾಯ್ತು. ಸಹೋದರರೇ, ನಮ್ಮ ಧೈರ್ಯಕ್ಕೆ ಆಧಾರವಾಗಿ ಕರ್ತನು ತೋರಿಸಿದ ಹಕ್ಕಿಯನ್ನು ನಾವೇ ಕಸ ಅಂದರೆ ಹೇಗೆ?

ಇನ್ನೊಬ್ಬರು ಮರ, ಹಕ್ಕಿ ಪೂಜೆ ನಮಗೆ ಬೇಡ ಅಂದರು. ಪೂಜೆ ಮಾಡಿ ಅಂತ ಯಾರು ಹೇಳಿದರು? ಕಡಿಯಬೇಡಿ ಅಂತ ಹೇಳ್ತಾ ಇದ್ದೀನಿ.

ನಮ್ಮ ಜಿಲ್ಲೆಯಲ್ಲೇ, ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆಬೆಳ್ಳೂರು ಇದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆಮರದಲ್ಲೇ, ಜನರ ಸೂರಿನ ಮೇಲೇ ಮರಿ ಮಾಡುತ್ತವೆ. ಅಲ್ಲಿ ವಾಸನೆ ಇಲ್ವಾ? ನಮಗಿಂತ ನೂರು ಪಾಲು. ಹಕ್ಕಿ ಕೂತ ಮರದಲ್ಲಿ ಹುಣಸೆಹಣ್ಣಿನ ಫಸಲು ಹೋಗುತ್ತದೆ. ಅದಕ್ಕೆ ಅರಣ್ಯ ಇಲಾಖೆ ಸ್ವಲ್ಪ ಪರಿಹಾರ ಕೊಡುತ್ತದೆ. ಆದರೆ ಇಲಾಖೆ ಬರೋದಕ್ಕೂ ತಲೆಮಾರುಗಳ ಹಿಂದಿನಿಂದ ಆ ಜನ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಕರೆದಿದ್ದಾರೆ. ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡಿದ್ದಾರೆ. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದ ಹುಡುಗರು ಅಲ್ಲಿದ್ದಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಸತ್ಯವೇದ ಕೈಯಲ್ಲಿಲ್ಲದವರು ಧರ್ಮೋಪದೇಶಕಾಂಡ 22ನ್ನು ನಡೆಸುತ್ತಿದ್ದಾರೆ. ವೇದ ಕೈಯಲ್ಲಿ ಹಿಡಿದ ನಾನು ಗರಗಸದವರನ್ನು ಕರೆಸಿದೆ.

ವಿಶ್ವಾಸಿಗಳು ತಿರುಗಿಕೊಂಡದ್ದೂ ಉಂಟು. ನಾಗಾಲ್ಯಾಂಡ್‌ನ ವೋಖಾ ಜಿಲ್ಲೆ, ಪಾಂಗ್ತಿ ಎಂಬ ಹಳ್ಳಿ. ಬಹುಪಾಲು ಬ್ಯಾಪ್ಟಿಸ್ಟ್ ಸಭೆಯವರು. ಸೈಬೀರಿಯಾ, ಉತ್ತರ ಚೀನಾ ಕಡೆಯಿಂದ ಆಫ್ರಿಕಾದ ದಕ್ಷಿಣಕ್ಕೆ ಹೋಗುವ ಅಮುರ್ ಫಾಲ್ಕನ್ ಎಂಬ ಸಣ್ಣ ಗಿಡುಗಗಳು ಅಲ್ಲಿನ ದೊಯಾಂಗ್ ಜಲಾಶಯದ ಹತ್ತಿರ ಇಳಿದು ಸುಧಾರಿಸಿಕೊಳ್ಳುತ್ತವೆ. 2012ರಲ್ಲಿ ಜನ ಮೀನಿನ ಬಲೆಗಳನ್ನು ಮರಗಳ ನಡುವೆ ಕಟ್ಟಿ ಹಿಡಿದು ಕೊಂದರು, ಆ ಒಂದೇ ಋತುವಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಂತ ಅಂದಾಜು. ಅವರು ಕ್ರೂರಿಗಳು ಅಂತ ಹೇಳಬೇಡಿ. ಬಡತನ ಇತ್ತು, ಕೈಗೆ ಕಾಸು ಬರ್ತಿತ್ತು. ವಿಷಯ ಹೊರಗೆ ಬಂದ ಮೇಲೆ ಗ್ರಾಮಸಭೆಗಳು, ಸಭೆಯ ಹಿರಿಯರು, ಅರಣ್ಯ ಇಲಾಖೆ ಸೇರಿ ಕೂತು ಮಾತಾಡಿದರು. ಮುಂದಿನ ವರ್ಷ, 2013ರಲ್ಲಿ, ಅಲ್ಲಿ ಬಲೆ ಏಳಲಿಲ್ಲ. ಒಂದೇ ವರ್ಷದಲ್ಲಿ! ಮಾನಸಾಂತರ ಅಂತ ನಾವು ದಿನಾ ಸಾರುವುದು ಇದನ್ನೇ ಅಲ್ಲವೇ? ಆಮೆನ್ ಹೇಳಿ. ಆ ವರ್ಷ ಮೂರು ಹಕ್ಕಿಗಳಿಗೆ ಉಪಗ್ರಹದ ಯಂತ್ರ ಕಟ್ಟಿ, ನಾಗಾ, ವೋಖಾ, ಪಾಂಗ್ತಿ ಅಂತ ಹೆಸರಿಟ್ಟರು. ಅಂಗೈ ತುಂಬದಷ್ಟು ತೂಕದ ಹಕ್ಕಿ ಎಲ್ಲೂ ಇಳಿಯದೆ ಅರಬ್ಬೀ ಸಮುದ್ರ ದಾಟಿತು. ಆಕಾಶದ ಪಕ್ಷಿಗೆ ತನ್ನ ಕಾಲ ಗೊತ್ತು ಅಂತ ಯೆರೆಮೀಯನು ಬರೆದದ್ದು ನೆನಪಾಯಿತು.

ಈಗ ನಮ್ಮ ವಿಷಯ. ಶುಕ್ರವಾರ ಮಧ್ಯಾಹ್ನ ನಾನೇ ಅರಣ್ಯ ಇಲಾಖೆಗೆ ಹೋಗಿ ಮಾಡಿದ್ದನ್ನು ಹೇಳಿದೆ. 1972ರ ಕಾನೂನಿನಲ್ಲಿ ಕಾಡುಹಕ್ಕಿಯ ಮೊಟ್ಟೆ ಹಾಳುಮಾಡೋದು, ಗೂಡು ಕೆಡಿಸೋದು ಕೂಡ ಬೇಟೆ ಅಂತಲೇ ಲೆಕ್ಕ. ದಂಡ ಬಂದರೆ ನನ್ನ ಸ್ವಂತ ಹಣದಿಂದ ಕಟ್ಟುತ್ತೇನೆ, ಕಾಣಿಕೆ ಪೆಟ್ಟಿಗೆಯಿಂದ ಒಂದು ರೂಪಾಯಿ ಬೇಡ. ಎರಡು ಮರಿಗಳಲ್ಲಿ ಒಂದು ನಿನ್ನೆ ರಾತ್ರಿ ಸತ್ತಿತು. ಇನ್ನೊಂದನ್ನು ಇಲಾಖೆಯವರು ತೆಗೆದುಕೊಂಡು ಹೋಗಿದ್ದಾರೆ.

ಇವತ್ತಿನಿಂದ ಬೈಕುಗಳನ್ನು ಹಿಂದಿನ ಗೋಡೆ ಪಕ್ಕ ನಿಲ್ಲಿಸಿ. ಗೇಟಿನಿಂದ ಬಾಗಿಲವರೆಗೆ ಯೌವನಸ್ಥರು ಟಾರ್ಪಾಲ್ ಕಟ್ಟುತ್ತಾರೆ. ಬರೋ ದೇವಸೇವಕರಿಗೆ ವಾಸನೆ ಯಾಕೆ ಅಂತ ನಾನೇ ಹೇಳ್ತೀನಿ. ಶನಿವಾರ ಬೆಳಿಗ್ಗೆ ಅಂಗಳ ತೊಳೆಯೋದು ನನ್ನ ಕೆಲಸ, ಜೊತೆಗೆ ಬರೋರು ಪೊರಕೆ ತನ್ನಿ. ಅಜ್ಜಿಗೆ ರಜಾ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಯಾರ ಯಾರ ಕೈಯಿಂದ ಇಂಥದ್ದು ನಡೆದಿದೆಯೋ, ನನ್ನ ಜೊತೆ ಕೈ ಎತ್ತಿ, ಪ್ರಾರ್ಥಿಸೋಣ.